ಏಳು ತಂತಿಯ ಬಜೆಟ್ ಗಿಟಾರ್: ಕೊಳ್ಳುವ ಮೊದಲು, ಕೊಳ್ಳುವಾಗ, ಕೊಂಡ ಮೇಲೆ

ಕಳೆದ ಮೇ ತಿಂಗಳಲ್ಲಿ ಅಕ್ಕನ ಮಗ ಸುರತ್ಕಲ್‌ನಿಂದ ಫೋನ್ ಮಾಡಿದ.

"ಮಾವ, ಏಳು ತಂತಿದೊಂದು ಗಿಟಾರ್ ತೆಗೊಳ್ಳುವಾ ಅಂತ ಉಂಟು. ಮೂವತ್ತು ಸಾವಿರದೊಳಗೆ. ಎಂತ ಹೇಳ್ತೀರಿ?"

"ಆರು ತಂತಿಯಲ್ಲಿ ಎಂತ ತೊಂದರೆ ಆಯ್ತು ಮಾರಾಯ?"

"ಕೆಳಗಿನ ಬಿ ಸ್ವರ ಸಿಗುದಿಲ್ಲ ಮಾವ."

ಅರ್ಧ ಗಂಟೆ ಮಾತಾಡಿದೆವು. ಮುಗಿಯಲಿಲ್ಲ. ಆಮೇಲೆ ಅವನಿಗೆ ಬರೆದು ಕಳಿಸಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ. ಯಾಕಂದ್ರೆ ಕೆಲವು ವರ್ಷದ ಹಿಂದೆ ಇದೇ ಕೆಲಸವನ್ನು ಯಾರನ್ನೂ ಕೇಳದೆ ಮಾಡಿ ನಾನು ಕೈ ಸುಟ್ಟುಕೊಂಡಿದ್ದೆ. ಆನ್‌ಲೈನ್‌ನಲ್ಲಿ ಫೋಟೊ ನೋಡಿ, ಏಳು ಯಾಕೆ ಎಂಟೇ ಇರಲಿ ಅಂತ, ಒಂದು ಎಂಟು ತಂತಿಯದ್ದನ್ನು ತರಿಸಿದ್ದೆ. ಜುಲೈ ತಿಂಗಳು, ಪೆಟ್ಟಿಗೆ ಹೊರಗಿನಿಂದ ಪೂರ್ತಿ ಒದ್ದೆ. ಪುಣ್ಯಕ್ಕೆ ಒಳಗೆ ನೀರು ಹೋಗಿರಲಿಲ್ಲ. ಆದರೆ ಅದರ ಅತಿ ದಪ್ಪ ತಂತಿ ನನ್ನ ಮನೆಯಲ್ಲಿ ಒಂದು ದಿನವೂ ಶ್ರುತಿಗೆ ಸರಿಯಾಗಿ ಕೂರಲಿಲ್ಲ. ಒಂದು ವರ್ಷ ಇಟ್ಟುಕೊಂಡು ಅರ್ಧ ಬೆಲೆಗೆ ಮಾರಿದೆ. ಅದು ಯಾಕೆ ಹಾಗಾಯ್ತು ಅನ್ನುವುದು ಮುಂದೆ ಬರುತ್ತದೆ.

ಉತ್ತರ ಮಾತ್ರ ಬೇಕಾದವರಿಗೆ ಇಲ್ಲೇ ಹೇಳಿಬಿಡುತ್ತೇನೆ. 20ರಿಂದ 40 ಸಾವಿರದೊಳಗೆ ಏಳು ತಂತಿಯ ಗಿಟಾರ್ ಕೊಳ್ಳಬಹುದು, ಮೋಸ ಇಲ್ಲ. ಆದರೆ ನೋಡಬೇಕಾದದ್ದು ಮರವನ್ನಲ್ಲ, ಬಣ್ಣವನ್ನಲ್ಲ, ಹೆಸರನ್ನೂ ಅಲ್ಲ. ತಂತಿ ಎಷ್ಟು ಉದ್ದ ಉಂಟು ಅನ್ನುವುದನ್ನು. ಎಂಟು ತಂತಿಯದ್ದು ಈ ದುಡ್ಡಿಗೆ ಬೇಡ.

ಇದು ಎಂತದ್ದು

ಸಾಮಾನ್ಯ ಗಿಟಾರ್‌ನ ಆರು ತಂತಿಗಳ ಸ್ವರ ಕೆಳಗಿನಿಂದ ಮೇಲಕ್ಕೆ ಇ, ಎ, ಡಿ, ಜಿ, ಬಿ, ಇ. ಅತಿ ದಪ್ಪದ ಇ ಸುಮಾರು 82 ಹರ್ಟ್ಜ್, ಅಂದರೆ ಸೆಕೆಂಡಿಗೆ 82 ಕಂಪನ. ಏಳು ತಂತಿಯದ್ದರಲ್ಲಿ ಅದಕ್ಕೂ ಕೆಳಗೆ ಒಂದು ಬಿ ಸೇರುತ್ತದೆ, ಸುಮಾರು 62 ಹರ್ಟ್ಜ್. ಎಂಟನೆಯದ್ದು ಎಫ್ ಶಾರ್ಪ್, 46 ಹರ್ಟ್ಜ್. ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ 41. ಅಂದರೆ ಎಂಟನೇ ತಂತಿಗೆ ಬಂದಾಗ ನೀವು ಹೆಚ್ಚುಕಡಿಮೆ ಬೇಸ್‌ನವನ ಅಂಗಳಕ್ಕೇ ಕಾಲಿಟ್ಟಿರುತ್ತೀರಿ.

ಇದು ಮೆಟಲ್ ಹುಡುಗರ ಹುಚ್ಚು ಅಂತ ಹಲವರ ಲೆಕ್ಕ. ಹಾಗೇನಿಲ್ಲ. ಅಮೆರಿಕದ ಜಾಝ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದಲ್ಲೇ ಏಳು ತಂತಿಯದ್ದನ್ನು ಮಾಡಿಸಿಕೊಂಡು ನುಡಿಸುತ್ತಿದ್ದರು. ಎಲೆಕ್ಟ್ರಿಕ್‌ನಲ್ಲಿ ಗಟ್ಟಿ ಒಡಲಿನದ್ದು ದೊಡ್ಡ ಪ್ರಮಾಣದಲ್ಲಿ ಅಂಗಡಿಗೆ ಬಂದದ್ದು 1990ರಲ್ಲಿ, ಐಬನೆಜ್ ಕಂಪನಿ ಸ್ಟೀವ್ ವಾಯ್ ಜೊತೆ ಸೇರಿ ಯೂನಿವರ್ಸ್ ಅನ್ನುವ ಮಾದರಿ ಬಿಟ್ಟಾಗ. 1994ರಲ್ಲಿ ಕಾರ್ನ್ ಬ್ಯಾಂಡಿನ ಮೊದಲ ಆಲ್ಬಮ್ ಬಂದ ಮೇಲೆ ಆ ಕೆಳಗಿನ ಗುಡುಗು ಎಲ್ಲರ ಕಿವಿಗೂ ಬಿತ್ತು. ಎಂಟು ತಂತಿಯದ್ದನ್ನು ಐಬನೆಜ್ 2007ರಲ್ಲಿ ಮಾರುಕಟ್ಟೆಗೆ ಬಿಟ್ಟಿತು.

ಹಂತ 1: ನಿಮಗೆ ನಿಜವಾಗಿ ಬೇಕಾ, ಎರಡು ವಾರ ನೋಡಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ನಾನೂ ಹಾರಿಸಿದ್ದೆ.

ಏಳು ತಂತಿಯ ಒಂದು ಸೆಟ್ ತನ್ನಿ, 10ರಿಂದ 59ರದ್ದು. ಈ ಸಂಖ್ಯೆಗಳು ತಂತಿಯ ದಪ್ಪ. 59 ಅಂದರೆ ಇಂಚಿನ ಸಾವಿರ ಪಾಲಿನಲ್ಲಿ 59 ಪಾಲು, ಸುಮಾರು ಒಂದೂವರೆ ಮಿ.ಮೀ. ಸೆಟ್‌ನಲ್ಲಿರುವ ತೀರಾ ತೆಳ್ಳಗಿನ 10ನ್ನು ಬದಿಗಿಡಿ. ಉಳಿದ ಆರನ್ನು, ಅಂದರೆ 59, 46, 36, 26, 17, 13 ಇವನ್ನು, ನಿಮ್ಮ ಈಗಿನ ಆರು ತಂತಿಯ ಗಿಟಾರಿಗೇ ಹಾಕಿ. ಶ್ರುತಿ ಬಿ, ಇ, ಎ, ಡಿ, ಜಿ, ಬಿ. ಈಗ ನಿಮ್ಮ ಕೈಯಲ್ಲಿರುವುದು ಏಳು ತಂತಿಯ ಗಿಟಾರೇ, ಮೇಲಿನ ಒಂದು ತಂತಿ ಮಾತ್ರ ಇಲ್ಲ. ಖರ್ಚು ಒಂದು ಸೆಟ್ ತಂತಿಯದ್ದು.

ಒಂದೆರಡು ಎಚ್ಚರ. ದಪ್ಪ ತಂತಿ ನಟ್‌ನ (ತಲೆಭಾಗದ ಬುಡದಲ್ಲಿ ತಂತಿ ಕೂರುವ ಪಟ್ಟಿ) ಗೀರಿನಲ್ಲಿ ಪೂರ್ತಿ ಕೂರುವುದಿಲ್ಲ, ಸ್ವಲ್ಪ ಎತ್ತರದಲ್ಲಿ ನಿಲ್ಲುತ್ತದೆ. ಎರಡು ವಾರಕ್ಕೆ ಅದು ನಡೆಯುತ್ತದೆ. ಹಾಗಂತ ನಟ್‌ಗೆ ಅರ ಹಾಕಿ ಉಜ್ಜಬೇಡಿ, ಮತ್ತೆ ಹಳೇ ತಂತಿ ಹಾಕಿದಾಗ ಸಡಿಲ ಆಗುತ್ತದೆ. ನಿಮ್ಮ ಗಿಟಾರ್‌ನಲ್ಲಿ ತೇಲುವ ಬ್ರಿಡ್ಜ್ (ತಂತಿಯ ಇನ್ನೊಂದು ತುದಿ ಕೂರುವ, ಸ್ಪ್ರಿಂಗ್ ಮೇಲೆ ಅಲುಗುವ ಭಾಗ) ಇದ್ದರೆ ಈ ಪ್ರಯೋಗವೇ ಬೇಡ. ಸ್ಪ್ರಿಂಗ್, ಸ್ಕ್ರೂ ಅಂತ ಒಂದು ಭಾನುವಾರ ಪೂರ್ತಿ ಹೋಗುತ್ತದೆ.

ಎರಡು ವಾರದಲ್ಲಿ ನೋಡಬೇಕಾದದ್ದು ಎರಡೇ. ಇ ಗಿಂತ ಕೆಳಗೆ ದಿನಕ್ಕೆ ಎಷ್ಟು ಸಲ ಇಳಿದಿರಿ? ಮತ್ತು, ಕಳೆದುಕೊಂಡ ಮೇಲಿನ ಇ ತಂತಿ ಎಷ್ಟು ಸಲ ನೆನಪಾಯಿತು?

ಕೆಳಗೆ ಇಳಿಯುತ್ತೀರಿ, ಮೇಲಿನದ್ದೂ ನೆನಪಾಗುತ್ತದೆ ಅಂತಾದರೆ ಏಳು ತಂತಿ ನಿಮಗೆ ಬೇಕು. ಕೆಳಗೆ ಇಳಿಯುತ್ತೀರಿ, ಮೇಲಿನದ್ದು ನೆನಪೇ ಆಗುವುದಿಲ್ಲ ಅಂತಾದರೆ ಇದೇ ಗಿಟಾರನ್ನು ಹೀಗೇ ಸೆಟಪ್ ಮಾಡಿಸಿ (ಈ ತಂತಿಗೆ ತಕ್ಕಂತೆ ಎಲ್ಲಾ ಹೊಂದಿಸಿ) ಇಟ್ಟುಕೊಳ್ಳಿ, ಇಲ್ಲವೇ ಆರು ತಂತಿಯ ಬ್ಯಾರಿಟೋನ್, ಅಂದರೆ ತಂತಿ ಉದ್ದ ಇರುವ ಕೆಳಗಿನ ಶ್ರುತಿಯ ಗಿಟಾರ್ ನೋಡಿ. ಮೊದಲ ಎರಡು ದಿನ ಗುಡುಗಿಸಿ ಆಮೇಲೆ ಮರೆತೇಬಿಟ್ಟಿರಿ ಅಂತಾದರೆ ಮೂವತ್ತು ಸಾವಿರ ಉಳಿಯಿತು.

ಇನ್ನು ಕೆಲವರಿಗೆ ಪರೀಕ್ಷೆಯೇ ಬೇಕಿಲ್ಲ. ಕಲಿಯಲು ಶುರು ಮಾಡಿ ವರ್ಷ ಆಗಿಲ್ಲ, ಅಥವಾ ಇಗರ್ಜಿಯ ಕ್ವಾಯರ್‌ಗೆ, ಮದುವೆ ಮುಂಚಿನ ರೋಸ್ ಕಾರ್ಯಕ್ರಮಕ್ಕೆ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿದು ನುಡಿಸುವುದೇ ಜಾಸ್ತಿ ಅಂತಾದರೆ ಏಳನೇ ತಂತಿ ನಿಮಗೆ ತೊಂದರೆಯೇ. ಅದು ಸುಮ್ನೆ ಕೂರುವುದಿಲ್ಲ. ಬೇರೆ ತಂತಿ ಮೀಟಿದಾಗ ತಾನೂ ಗುಂಯ್ ಅನ್ನುತ್ತಿರುತ್ತದೆ. ಅದನ್ನು ಬಲಗೈಯ ಅಂಚಿನಲ್ಲಿ ಸದಾ ಒತ್ತಿ ಹಿಡಿಯುವ ಅಭ್ಯಾಸ ಬೇರೆಯೇ ಆಗಬೇಕು. ನೆಕ್ (ಎಡಗೈ ಹಿಡಿಯುವ ಉದ್ದ ಕತ್ತು) ಹಿಂದಿನಿಂದ ಹೆಬ್ಬೆರಳು ಮೇಲೆ ತಂದು ದಪ್ಪ ತಂತಿ ಒತ್ತುವವರಿಗಂತೂ ಆ ಉಪಾಯ ಇಲ್ಲಿ ನಡೆಯುವುದಿಲ್ಲ.

ಹಂತ 2: ಉದ್ದ ನೋಡಿ

ನಾನು ಎಡವಿದ್ದು ಇಲ್ಲಿ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ತಂತಿಯ ಸ್ವರ ಕೆಳಗಿಳಿಸಲು ಮೂರೇ ದಾರಿ. ಸಡಿಲ ಮಾಡಬೇಕು, ತೂಕ ಹೆಚ್ಚಿಸಬೇಕು, ಇಲ್ಲವೇ ಉದ್ದ ಮಾಡಬೇಕು. ತೂಕದ ವಿಷಯ ನಮ್ಮವರಿಗೆ ಹೊಸತಲ್ಲ. ಮೃದಂಗದ ಎಡಬದಿಗೆ ಕಚೇರಿಗೆ ಮೊದಲು ರವೆ ಕಲಸಿ ಹಚ್ಚುತ್ತಾರಲ್ಲ, ಅದೇ. ಉದ್ದದ ವಿಷಯವೂ ಹೊಸತಲ್ಲ. ಗಂಡಸರ ಶ್ರುತಿಯ ತಂಬೂರಿ ಹೆಂಗಸರ ತಂಬೂರಿಗಿಂತ ಉದ್ದ ಇರುತ್ತದೆ. ಸುಮ್ನೆ ಸಡಿಲ ಮಾಡಿ ಕೆಳಗಿಳಿಸಿದರೆ ಏನಾಗುತ್ತದೆ ಅಂತ ಬಟ್ಟೆ ಒಣಗಿಸುವ ಹಗ್ಗ ನೋಡಿದರೆ ಗೊತ್ತಾಗುತ್ತದೆ.

ಗಿಟಾರ್‌ನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದಕ್ಕೆ ಸ್ಕೇಲ್ ಅನ್ನುತ್ತಾರೆ. ಹೆಚ್ಚಿನ ಎಲೆಕ್ಟ್ರಿಕ್‌ಗಳಲ್ಲಿ ಅದು 25.5 ಇಂಚು, ಅಂದರೆ 648 ಮಿ.ಮೀ. ಅಗ್ಗದ ಎಷ್ಟೋ ಏಳು ತಂತಿಯ ಗಿಟಾರ್‌ಗಳು ಅದೇ ಉದ್ದದ ನೆಕ್ ಅಗಲ ಮಾಡಿ ಒಂದು ತಂತಿ ಸೇರಿಸಿದವು. ಈಗ ಲೆಕ್ಕ ನೋಡಿ. ನಿಮ್ಮ ಈಗಿನ ಗಿಟಾರ್‌ನ 46ರ ಇ ತಂತಿಯಲ್ಲಿ ಸುಮಾರು 7.9 ಕೆಜಿ ಎಳೆತ ಇರುತ್ತದೆ. ಅದೇ 25.5 ಇಂಚಿನಲ್ಲಿ 59ರ ತಂತಿಯನ್ನು ಬಿ ಸ್ವರಕ್ಕೆ ಇಟ್ಟರೆ ಸುಮಾರು 7.5 ಕೆಜಿ. 26.5 ಇಂಚು ಮಾಡಿದರೆ 8.1. 27 ಇಂಚಿನಲ್ಲಿ 8.4. ಉದ್ದ ಒಂದು ಇಂಚು ಹೆಚ್ಚಿದರೆ ಎಳೆತ ನೂರಕ್ಕೆ ಎಂಟು ಪಾಲು ಏರುತ್ತದೆ, ಯಾಕಂದ್ರೆ ಅದು ಉದ್ದದ ವರ್ಗಕ್ಕೆ ತಕ್ಕಂತೆ ಏರುವುದು. ಅಂದರೆ 26.5 ಇಂಚಿನಲ್ಲಿ ಕೆಳಗಿನ ಬಿ ನಿಮ್ಮ ಕೈಗೆ ಹಳೇ ಇಯಷ್ಟೇ ಬಿಗಿಯಾಗಿ ಸಿಗುತ್ತದೆ.

ಕಾಗದದಲ್ಲಿ ಇದು ಸಣ್ಣ ವ್ಯತ್ಯಾಸ. ಕೈಗೆ ಹಾಗಲ್ಲ. ಟ್ಯೂನರ್ (ಶ್ರುತಿ ತೋರಿಸುವ ಉಪಕರಣ) ಹಾಕಿ, ಸಡಿಲ ಬಿ ತಂತಿಯನ್ನು ಜೋರಾಗಿ ಒಂದು ಸಲ ಹೊಡೆದು ಮುಳ್ಳು ನೋಡಿ. ಹೊಡೆದ ತಕ್ಷಣ ಮುಳ್ಳು ಮೇಲಕ್ಕೆ ಹಾರಿ, ಆಮೇಲೆ ನಿಧಾನ ಇಳಿದು ಜಾಗಕ್ಕೆ ಬರುತ್ತದೆ. ವೇಗದ ರಿಫ್ (ಮತ್ತೆ ಮತ್ತೆ ಬರುವ ಸಣ್ಣ ತುಣುಕು) ನುಡಿಸುವಾಗ ಪ್ರತಿ ಹೊಡೆತವೂ ಹಾಗೇ. ಕೇಳುವವರಿಗೆ ಶ್ರುತಿ ಸರಿ ಇಲ್ಲ ಅಂತಲೇ ಅನಿಸುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಹಾಗಂತ ತಂತಿಯ ದಪ್ಪ ಏರಿಸುತ್ತಾ ಹೋಗುವುದೂ ಮದ್ದಲ್ಲ. ತಂತಿ ದಪ್ಪವಾದಷ್ಟು ಸೆಟೆದುಕೊಳ್ಳುತ್ತದೆ, ಸದ್ದು ಮಂಕಾಗುತ್ತದೆ. ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿದಾಗ ಸ್ವರ ಇರಬೇಕಾದ್ದಕ್ಕಿಂತ ಮೇಲೆ ಹೋಗುತ್ತದೆ. ಅದನ್ನು ಸರಿ ಮಾಡಲು ಬ್ರಿಡ್ಜ್‌ನ ಸ್ಯಾಡಲ್, ಅಂದರೆ ತಂತಿ ಕೂರುವ ಸಣ್ಣ ತುಂಡನ್ನು, ಹಿಂದಕ್ಕೆ ಎಳೆಯಬೇಕು. ನನ್ನ ಎಂಟು ತಂತಿಯದ್ದರಲ್ಲಿ ಆ ಎಫ್ ಶಾರ್ಪ್ ತಂತಿಯ ಸ್ಯಾಡಲ್ ಪೂರ್ತಿ ಹಿಂದಕ್ಕೆ ಬಂದು, ಸ್ಪ್ರಿಂಗ್ ಒತ್ತಿ ಅಪ್ಪಚ್ಚಿಯಾಗಿ, ಇನ್ನೂ ಅರ್ಧ ಸೆಂಟಿಮೀಟರ್ ಬೇಕಿತ್ತು. ಜಾಗ ಇರಲಿಲ್ಲ. ಅಷ್ಟೇ ಕಥೆ. ಮರ ಒಳ್ಳೆಯದೇ ಇತ್ತು, ಫ್ರೆಟ್ ಕೂಡ ಚಂದವೇ ಇತ್ತು.

ಹಾಗಾಗಿ ಏಳು ತಂತಿಗೆ 26.5 ಇಂಚು ಅಥವಾ ಜಾಸ್ತಿ. ಅಥವಾ ಮಲ್ಟಿ ಸ್ಕೇಲ್, ಅಂದರೆ ಫ್ರೆಟ್‌ಗಳು ಬೀಸಣಿಗೆಯ ಹಾಗೆ ಓರೆಯಾಗಿದ್ದು, ದಪ್ಪ ತಂತಿ ಉದ್ದ, ತೆಳು ತಂತಿ ಗಿಡ್ಡ ಇರುವಂಥದ್ದು. ನೋಡಲು ವಿಚಿತ್ರ, ಆದರೆ ಹದಿನೈದು ನಿಮಿಷದಲ್ಲಿ ಕೈಗೆ ಒಗ್ಗುತ್ತದೆ. ಉದ್ದ ಸ್ಕೇಲಿಗೂ ಒಂದು ಬೆಲೆ ಉಂಟು. ಮೇಲಿನ ತೆಳು ತಂತಿಗಳೂ ಬಿಗಿಯಾಗುತ್ತವೆ, ತಂತಿ ಬದಿಗೆ ಎಳೆದು ಬೆಂಡ್ ಮಾಡುವಾಗ ಬೆರಳು ನೋಯುತ್ತದೆ. 10ರ ಬದಲು 9ರ ತಂತಿ ಹಾಕಿದರೆ ಆಯ್ತು.

25.5 ಇಂಚಿನದ್ದು ಕೊಳ್ಳಲೇಬಾರದಾ? ಹಾಗಲ್ಲ. ಬಿ ಸ್ವರಕ್ಕಿಂತ ಕೆಳಗೆ ಇಳಿಸುವುದಿಲ್ಲ, ಹೊಡೆತ ಹಗುರ, ಜಾಝ್ ಅಥವಾ ನಿಧಾನದ ಸಂಗೀತ ಅಂತಾದರೆ ಅದೇ ಸಾಕು. ಬಿಯನ್ನು ಇನ್ನೂ ಕೆಳಗಿನ ಎ ಸ್ವರಕ್ಕೆ, ಅಂದರೆ 55 ಹರ್ಟ್ಜ್‌ಗೆ ಇಳಿಸುವ ಆಲೋಚನೆ ಉಂಟಾದರೆ ಬೇಡ.

ಹಂತ 3: ಹಣ ಹಂಚಿಕೊಳ್ಳಿ

ಇದು ಸಣ್ಣದು. ಕೈಯಲ್ಲಿರುವುದೆಲ್ಲವನ್ನೂ ಗಿಟಾರಿಗೇ ಸುರಿಯಬೇಡಿ. ಆರನೇ ಒಂದು ಪಾಲು ಬದಿಗಿಡಿ. ಸೆಟಪ್, ಎರಡು ಸೆಟ್ ತಂತಿ, ಗಟ್ಟಿ ಕೇಬಲ್, ಒಂದು ಬ್ಯಾಗ್ ಇಷ್ಟಕ್ಕೆ. ಬ್ಯಾಗ್ ಯಾಕೆ ಹೇಳಿದೆ ಅಂದರೆ 27 ಇಂಚಿನ ಗಿಟಾರ್ ನಿಮ್ಮ ಹಳೇ ಬ್ಯಾಗ್‌ನಲ್ಲಿ ಕೂತರೂ ಜಿಪ್ ಹಾಕಲು ಇಬ್ಬರು ಬೇಕಾಗಬಹುದು.

ಹಂತ 4: ಯಾವುದು, ಎಲ್ಲಿ

ಐಬನೆಜ್‌ನ ಜಿಆರ್‌ಜಿ7221 ಈ ಬಜೆಟ್‌ನಲ್ಲಿ ಮೊದಲು ಕಣ್ಣಿಗೆ ಬೀಳುವ ಮಾದರಿ. ನೆಕ್ ತೆಳ್ಳಗೆ, ಕೈಗೆ ಹಿತ. ಸ್ಕೇಲ್ ಮಾತ್ರ 25.5. ಶೆಕ್ಟರ್‌ನ ಓಮೆನ್ 7 ರಲ್ಲಿ 26.5 ಸಿಗುತ್ತದೆ. ಕಾರ್ಟ್‌ನ ಕೆಎಕ್ಸ್307ಎಂಎಸ್ ಮಲ್ಟಿ ಸ್ಕೇಲ್, ತೆಳು ಬದಿ 25.5, ದಪ್ಪ ಬದಿ 27. ಅಳಿಯನಿಗೆ ನಾನು ಹೇಳಿದ್ದು ಇದನ್ನೇ. ಬೆಲೆ ತಿಂಗಳು ತಿಂಗಳು ಬದಲಾಗುತ್ತದೆ, ಕೇಳಿ ನೋಡಿ. ಯಾವುದೇ ಆಗಲಿ, ಬ್ರಿಡ್ಜ್ ಅಲುಗದಂಥದ್ದೇ ಇರಲಿ. ಅಗ್ಗದ ತೇಲುವ ಬ್ರಿಡ್ಜ್ ಮೇಲೆ ಏಳು ತಂತಿ ಅಂದರೆ ಶ್ರುತಿ ಮಾಡುವುದೇ ಹವ್ಯಾಸ ಆಗಿಬಿಡುತ್ತದೆ.

ಎಂಟು ತಂತಿ ಬೇಡ ಅಂದದ್ದಕ್ಕೆ ಸ್ಯಾಡಲ್ ಒಂದೇ ಕಾರಣ ಅಲ್ಲ. ನಟ್‌ನ ಹತ್ತಿರ ಆರು ತಂತಿಯ ನೆಕ್ ಸುಮಾರು 43 ಮಿ.ಮೀ. ಅಗಲ, ಏಳರದ್ದು 48, ಎಂಟರದ್ದು 55. 48ಕ್ಕೆ ಕೈ ವಾರದಲ್ಲಿ ಹೊಂದಿಕೊಳ್ಳುತ್ತದೆ. 55 ಹಿಡಿದಾಗ ಕೈಯಲ್ಲಿ ಮಣೆ ಇದ್ದ ಹಾಗೆ. ಅದಕ್ಕೆ ಬೇಕಾದ 74ರ ತಂತಿ ಮಧ್ಯರಾತ್ರಿ ತುಂಡಾದರೆ ಮರುದಿನ ಹಂಪನಕಟ್ಟೆಗೆ ಹೋಗಿ ತರಬಹುದು ಅಂತ ಅಂದುಕೊಳ್ಳಬೇಡಿ.

ಮಂಗಳೂರಿನಲ್ಲಿ ನಾನು ಸುತ್ತಿದ ಅಂಗಡಿಗಳಲ್ಲಿ ಎದುರಿಗೆ ತೂಗಿರುವುದು ಅಕೌಸ್ಟಿಕ್, ಆರು ತಂತಿಯ ಎಲೆಕ್ಟ್ರಿಕ್, ಮತ್ತೆ ಕೀಬೋರ್ಡ್. ಏಳು ತಂತಿಯದ್ದು ಬೇಕಂದರೆ ತರಿಸಿಕೊಡುತ್ತಾರೆ. ತರಿಸುವ ಮೊದಲು ಒಂದು ಮಾತು ಬಾಯಿಬಿಟ್ಟು ಕೇಳಿ: ಬಂದ ಮೇಲೆ ನುಡಿಸಿ ನೋಡಿ ಬೇಡ ಅನಿಸಿದರೆ ಬಿಡಬಹುದಾ? ಉತ್ತರ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಆನ್‌ಲೈನ್‌ನಲ್ಲಾದರೆ ಹಿಂದಿರುಗಿಸುವ ದಿನಗಳ ಲೆಕ್ಕ ನೋಡಿಕೊಂಡು, ಪೆಟ್ಟಿಗೆ ಬಿಚ್ಚುವಾಗಲೇ ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಆದಷ್ಟು ಜೂನ್‌ನಿಂದ ಸೆಪ್ಟೆಂಬರ್ ತಪ್ಪಿಸಿ.

ನನಗೆ ಒಳ್ಳೆಯದಾಗಿ ಸಿಕ್ಕಿದ್ದು ಮಾತ್ರ ಸೆಕೆಂಡ್‌ಹ್ಯಾಂಡ್. ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೊರಡುವ ಹುಡುಗರು ಮೇ, ಜೂನ್‌ನಲ್ಲಿ ರೂಮ್ ಖಾಲಿ ಮಾಡುತ್ತಾರೆ. ಸೈಕಲ್, ಫ್ರಿಡ್ಜ್, ಕೂಲರ್ ಜೊತೆ ಗಿಟಾರ್ ಕೂಡ ಮಾರಾಟಕ್ಕೆ ಬರುತ್ತದೆ. ಪರಿಚಯದವರೊಬ್ಬರು ಹೇಳಿ ಹೋದೆ. ನುಡಿಸಿ ನೋಡಿದೆ, ಚೌಕಾಸಿ ಮಾಡಿದೆ, ತಂದೆ. ವಾಪಸ್ ಬರುವಾಗ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಅದನ್ನು ಡಿಕ್ಕಿಗೆ ಹಾಕಿ ಅಂದ. ಹಾಕಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಪಡುಬಿದ್ರಿವರೆಗೆ ಪಕ್ಕದವರ ಬೈಗುಳ ತಿಂದೆ. ಪಡುಬಿದ್ರಿಯಲ್ಲಿ ಅವರು ಇಳಿದರು.

ಹಂತ 5: ಕೈಗೆ ಸಿಕ್ಕಾಗ ಹದಿನೈದು ನಿಮಿಷ

ಆಂಪ್‌ಗೆ ಹಾಕುವ ಮೊದಲು ಹಾಗೇ ನೋಡಿ. ಡಿಸ್ಟಾರ್ಷನ್ (ಸದ್ದು ಒಡೆದು ಗರಗರ ಮಾಡುವುದು) ಹಾಕಿದರೆ ಎಲ್ಲಾ ಗಿಟಾರೂ ಚಂದವೇ ಕೇಳಿಸುತ್ತದೆ. ಜೊತೆಗೆ ಟ್ಯೂನರ್ ಆಪ್ ಇರುವ ಫೋನ್, ಮತ್ತೊಂದು ಹಳೇ ಎಟಿಎಂ ಕಾರ್ಡ್ ಒಯ್ಯಿರಿ. ಸಣ್ಣ ಸ್ಕೇಲ್ ಪಟ್ಟಿ ಇದ್ದರೆ ಅದೂ ಇರಲಿ.

ಮೊದಲು ಕೂತು, ಹೆಗಲ ಪಟ್ಟಿ ಹಾಕಿ, ಎರಡೂ ಕೈ ಬಿಡಿ. ತಲೆಭಾಗ ನೆಲದ ಕಡೆ ಜಾರುತ್ತದಾ? ಏಳು ಟ್ಯೂನಿಂಗ್ ಕೀ ಹೊತ್ತ ತಲೆ, ಹಗುರ ಮರದ ಒಡಲು. ಎಷ್ಟೋ ಅಗ್ಗದ ಗಿಟಾರ್‌ಗಳು ಹೀಗೆ ಜಾರುತ್ತವೆ. ಎಡಗೈ ಇಡೀ ದಿನ ಅದನ್ನು ಹೊರಬೇಕಾಗುತ್ತದೆ.

ಆಮೇಲೆ ನೆಕ್. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಬೆರಳು, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಬೆರಳು ಇಟ್ಟು ಒತ್ತಿ. ಈಗ ತಂತಿಯೇ ಅಳತೆಪಟ್ಟಿ. ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಕೂದಲೆಳೆಯ ಸಂದು ಕಾಣಬೇಕು. 0.2 ಮಿ.ಮೀ. ಆಸುಪಾಸು, ವಿಸಿಟಿಂಗ್ ಕಾರ್ಡ್‌ಗಿಂತ ತೆಳು. ಸಂದು ಜಾಸ್ತಿ ಇದ್ದರೆ, ಇಲ್ಲವೇ ಇಲ್ಲದಿದ್ದರೆ ಹೆದರಬೇಡಿ, ಅದು ನೆಕ್ ಒಳಗಿನ ಸರಳಿನಿಂದ, ಅಂದರೆ ಟ್ರಸ್ ರಾಡ್‌ನಿಂದ ಸರಿಯಾಗುತ್ತದೆ. ಆದರೆ ಆ ರಾಡ್‌ನ ನಟ್ಟು ತಿರುಗುತ್ತದಾ ಅಂತ ಅಂಗಡಿಯವರಿಂದಲೇ ತಿರುಗಿಸಿ ನೋಡಿ. ಬ್ರಿಡ್ಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿದಾಗ ಒಂದು ಬದಿ ಎದ್ದು ಇನ್ನೊಂದು ಬದಿ ಬಿದ್ದಿದ್ದರೆ ಅದು ತಿರುಚಿದ ನೆಕ್. ಬಿಟ್ಟು ಬನ್ನಿ. ಅದಕ್ಕೆ ಸುಲಭದ ಮದ್ದಿಲ್ಲ.

ಎಟಿಎಂ ಕಾರ್ಡ್ ಇರುವುದು ಫ್ರೆಟ್‌ಗಳಿಗೆ. ತಂತಿಗಳ ನಡುವೆ ಕಾರ್ಡನ್ನು ನೆಟ್ಟಗೆ ನಿಲ್ಲಿಸಿ ಅದರ ಅಂಚು ಮೂರು ಫ್ರೆಟ್ ಮೇಲೆ ಕೂರುವ ಹಾಗೆ ಹಿಡಿಯಿರಿ. ಶುರುವಿನ ಫ್ರೆಟ್‌ಗಳಿಗೆ ಉದ್ದದ ಅಂಚು, 12ರ ಆಚೆಗೆ ಗಿಡ್ಡ ಅಂಚು. ಮೆಲ್ಲಗೆ ಆಚೀಚೆ ಒತ್ತಿ. ಕಾರ್ಡ್ ಟಕ್ ಟಕ್ ಅಂತ ತೂಗಿದರೆ ನಡುವಿನ ಫ್ರೆಟ್ ಎತ್ತರ ಇದೆ. ಹೀಗೆ ಒಂದೆರಡು ಇದ್ದರೆ ರಿಪೇರಿಯವರು ತಟ್ಟಿ, ಉಜ್ಜಿ ಸರಿ ಮಾಡುತ್ತಾರೆ. ಏಳೆಂಟು ಇದ್ದರೆ ಬೇರೆ ಗಿಟಾರ್ ನೋಡಿ. ಹೆಬ್ಬೆರಳನ್ನು ನೆಕ್‌ನ ಎರಡೂ ಅಂಚಿನಲ್ಲಿ ಉದ್ದಕ್ಕೆ ಎಳೆಯಲು ಮರೆಯಬೇಡಿ. ಫ್ರೆಟ್ ತುದಿ ಚುಚ್ಚಿದರೆ ಗೊತ್ತಾಗುತ್ತದೆ. ನಮ್ಮ ಊರಿನ ತೇವಕ್ಕೆ ಮರ ಉಬ್ಬಿ ತುದಿಗಳು ಅಡಗಿಕೊಂಡಿರುತ್ತವೆ. ಇಲ್ಲೂ ಚುಚ್ಚುತ್ತಿದೆ ಅಂದರೆ ಏಸಿ ರೂಮಿನಲ್ಲಿ, ಬೆಂಗಳೂರಿನ ಚಳಿಗಾಲದಲ್ಲಿ ಗರಗಸವೇ.

ಈಗ ಬ್ರಿಡ್ಜ್. ಟ್ಯೂನರ್ ಇಟ್ಟು ಬಿ ತಂತಿಯ 12ನೇ ಫ್ರೆಟ್ ಮೇಲೆ ಬೆರಳು ಸವರಿ ಹಾರ್ಮೋನಿಕ್ (ತಂತಿ ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಗಂಟೆಯಂಥ ಸ್ವರ) ತೆಗೆಯಿರಿ. ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಎರಡೂ ಒಂದೇ ತೋರಿಸಬೇಕು. ಒತ್ತಿದ್ದು ಮೇಲೆ ಹೋದರೆ ಸ್ಯಾಡಲ್ ಹಿಂದೆ ಸರಿಯಬೇಕು. ಹಿಂದೆ ಸರಿಯಲು ಜಾಗ ಉಂಟಾ? ಈ ಒಂದು ಪ್ರಶ್ನೆ ನಾನು ಅವತ್ತು ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಟ್ಯೂನಿಂಗ್ ಕೀ ತಿರುಗಿಸುವಾಗ ನಟ್‌ನ ಹತ್ತಿರ ಟಿಂಕ್ ಅನ್ನುವ ಸದ್ದು ಬಂದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲ್ ಸೀಸ ಉಜ್ಜಿದರೆ ಅರ್ಧ ಸರಿಯಾಗುತ್ತದೆ. ಎಷ್ಟೋ ಜನ ಇದಕ್ಕೆ ಕೀಯನ್ನು ಬೈದು ಹೊಸ ಕೀ ಹಾಕಿಸುತ್ತಾರೆ.

ಕೊನೆಗೆ ಕರೆಂಟ್. ಪ್ಲಗ್ ಮಾಡಿ ಎರಡೂ ನಾಬ್ ತಿರುಗಿಸಿ. ಕರಕರ ಅಂದರೆ ಸ್ವಚ್ಛ ಮಾಡುವ ಸ್ಪ್ರೇ ಸಾಕು. ಜ್ಯಾಕ್ ಅಲ್ಲಾಡಿಸಿದಾಗ ಸದ್ದು ಹೋಗಿ ಬಂದರೆ ಬೆಸುಗೆ ಬಿಟ್ಟಿದೆ. ತಂತಿ ಮುಟ್ಟಿದ ಕೂಡಲೇ ಗುಂಯ್ ಅನ್ನುವುದು ಕಡಿಮೆಯಾದರೆ ಗಿಟಾರ್ ಒಳಗಿನ ವೈರಿಂಗ್ ಸರಿ ಇದೆ ಅಂತ ಲೆಕ್ಕ. ಅಂಗಡಿಯಲ್ಲಿ ಸುಮ್ಮನಿದ್ದದ್ದು ಮನೆಯಲ್ಲಿ ಗುಂಯ್ ಅಂದರೆ ಗಿಟಾರನ್ನು ದೂರಬೇಡಿ. ಹಳೇ ಮನೆಯ ಅರ್ಥಿಂಗ್ ನೋಡಿಸಿ. ಮೂರು ಪಿನ್ನಿನ ಪ್ಲಗ್ ಕೂರುವುದಿಲ್ಲ ಅಂತ ದಪ್ಪ ಪಿನ್ ಮುರಿಯುವವರನ್ನು ಕಂಡಿದ್ದೇನೆ. ಲೋಹದ ತಂತಿ ಹಿಡಿದು ಒದ್ದೆ ಕಾಲಲ್ಲಿ ನಿಲ್ಲುವವರು ಆ ಕೆಲಸ ಮಾಡಲೇಬಾರದು.

ಹಂತ 6: ಸೆಟಪ್

ಡಬ್ಬಿಯಿಂದ ತೆಗೆದ ಬಜೆಟ್ ಗಿಟಾರ್ ಹೇಗೆ ಉಂಟು ಅಂತ ಸೆಟಪ್ ಆಗುವ ತನಕ ಹೇಳಬೇಡಿ. ಬಂದ ದಿನವೇ ಮಾಡಿಸಬೇಡಿ ಕೂಡ. ಬೇರೆ ಹವೆಯಿಂದ ಬಂದ ಮರ. ನಾಲ್ಕೈದು ದಿನ ಮನೆಯಲ್ಲಿ ಇರಲಿ.

ಕ್ರಮ ಇದು: ಹೊಸ ತಂತಿ, ಬೇಕಾದ ಶ್ರುತಿ, ಆಮೇಲೆ ನೆಕ್, ಆಮೇಲೆ ತಂತಿಯ ಎತ್ತರ, ಕೊನೆಗೆ ಸ್ಯಾಡಲ್. ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕು. ಟ್ರಸ್ ರಾಡ್ ಬಲಕ್ಕೆ ತಿರುಗಿಸಿದರೆ ಸಂದು ಕಡಿಮೆ, ಎಡಕ್ಕೆ ತಿರುಗಿಸಿದರೆ ಜಾಸ್ತಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ, ಮತ್ತೆ ಮರುದಿನ ನೋಡುವುದು. ಎತ್ತರ 12ನೇ ಫ್ರೆಟ್‌ನಲ್ಲಿ ಅಳೆಯಿರಿ. ಬಿ ತಂತಿಗೆ 2 ಮಿ.ಮೀ., ಮೇಲಿನ ಇಗೆ ಒಂದೂವರೆ. ಬಿಯನ್ನು ಇನ್ನೂ ತಗ್ಗಿಸುವ ಆಸೆಯಾಗುತ್ತದೆ. ಬೇಡ, ಆ ತಂತಿ ಅಗಲವಾಗಿ ಅಲುಗುತ್ತದೆ, ಅದಕ್ಕೆ ಜಾಗ ಬೇಕು.

ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಬದಲಾಯಿಸುವ ಮಾತು ಎಲ್ಲರೂ ಮೊದಲು ಎತ್ತುತ್ತಾರೆ. ತಡೆಯಿರಿ. ದಪ್ಪ ತಂತಿಯ ಬದಿಯ ಸ್ಕ್ರೂ ತಿರುಗಿಸಿ ಪಿಕಪ್ ಎರಡು ಮಿ.ಮೀ. ಕೆಳಗಿಳಿಸಿ ಕೇಳಿ. ಕೆಸರಿನ ಹಾಗೆ ಇದ್ದ ಬಿ ಎಷ್ಟೋ ತಿಳಿಯಾಗುತ್ತದೆ. ಕಾಸು ಖರ್ಚಿಲ್ಲ. ಆರು ತಿಂಗಳು ನುಡಿಸಿದ ಮೇಲೂ ಸಮಾಧಾನ ಇಲ್ಲ ಅಂದರೆ ಆಗ ಹೊಸ ಪಿಕಪ್.

ಹಂತ 7: ಸದ್ದು

ಮನೆಯಲ್ಲಿ ಅಭ್ಯಾಸಕ್ಕಿರುವ ಸಣ್ಣ ಆಂಪ್‌ನ ಆರೆಂಟು ಇಂಚಿನ ಸ್ಪೀಕರ್ 62 ಹರ್ಟ್ಜ್ ಅನ್ನು ಸರಿಯಾಗಿ ಎತ್ತುವುದೇ ಇಲ್ಲ. ಆದರೂ ಸ್ವರ ಕೇಳಿಸುತ್ತದೆ, ಯಾಕಂದ್ರೆ ಮೇಲಿನ ಅನುಸ್ವರಗಳನ್ನು ಹಿಡಿದು ಕಿವಿಯೇ ಬುಡದ ಸ್ವರ ಕಟ್ಟಿಕೊಳ್ಳುತ್ತದೆ. ಹಾಗಾಗಿ ಸದ್ದು ಸಪ್ಪೆ ಅನಿಸಿದರೆ ಮೊದಲು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ, ಆಮೇಲೆ ಗಿಟಾರ್ ಮೇಲೆ ತೀರ್ಪು ಕೊಡಿ. ಪಕ್ಕದ ಮನೆಯವರಿಗೂ ಅದು ಒಳ್ಳೆಯದು.

ಬೇಸ್ ನಾಬ್ ಪೂರ್ತಿ ತಿರುಗಿಸುವುದು, ಗೇನ್ ಪೂರ್ತಿ ತಿರುಗಿಸುವುದು, ಇವೆರಡೂ ಹೊಸಬರ ಅಭ್ಯಾಸ. ಎರಡನ್ನೂ ಇಳಿಸಿ. ಕೆಳಗಿನ ಸ್ವರ ಡಿಸ್ಟಾರ್ಷನ್‌ಗೆ ಸಿಕ್ಕರೆ ಕಿಚಡಿ. ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲ್ (ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಡಬ್ಬಿ) ಮೆಟಲ್‌ನವರು ಯಾಕೆ ಆಂಪ್‌ನ ಮುಂದೆ ಇಡುತ್ತಾರೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಅದು ಸುಮಾರು 720 ಹರ್ಟ್ಜ್‌ನಿಂದ ಕೆಳಗಿನದ್ದನ್ನು ಕಡಿಮೆ ಮಾಡಿಕೊಂಡೇ ಮುಂದೆ ಕಳಿಸುತ್ತದೆ. ಅದರ ಡ್ರೈವ್ ನಾಬ್ ಸೊನ್ನೆಗೆ ಹತ್ತಿರ, ಲೆವೆಲ್ ನಾಬ್ ಮೇಲೆ. ಪಾಮ್ ಮ್ಯೂಟ್ ಮಾಡಿದಾಗ, ಅಂದರೆ ಅಂಗೈ ಅಂಚು ತಂತಿಗೆ ತಾಗಿಸಿ ನುಡಿಸಿದಾಗ, ಬಿ ತಂತಿ ಚೆಂಡೆಯ ಪೆಟ್ಟಿನ ಹಾಗೆ ಬಿಡಿಬಿಡಿಯಾಗಿ ಕೇಳಿಸುತ್ತದೆ. ಬ್ಯಾಂಡ್‌ನಲ್ಲಿ ಬೇಸ್‌ನವನಿಗೂ ಜಾಗ ಸಿಗುತ್ತದೆ. ಅವನ ಹತ್ತಿರ ಐದು ತಂತಿಯ ಬೇಸ್ ಇದ್ದರೆ ಅವನ ಬಿ ನಿಮ್ಮ ಬಿ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ, 31 ಹರ್ಟ್ಜ್. ಇಬ್ಬರೂ ಒಟ್ಟಿಗೆ ಹೊಡೆದರೆ ಆಗುವ ಮಜಾ ಒಬ್ಬರೇ ಎಂಟು ತಂತಿ ಎಳೆದರೆ ಆಗುವುದಿಲ್ಲ.

ಹಂತ 8: ಮಳೆಗಾಲ

ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಊರಲ್ಲಿ ಕೂತು ಇದನ್ನು ಬಿಡುವ ಹಾಗಿಲ್ಲ. ಮಲ್ಪೆ, ಪಣಂಬೂರು ಕಡೆ ಕಡಲಿಗೆ ಹತ್ತಿರ ಇರುವವರಿಗೆ ಉಪ್ಪುಗಾಳಿ ಬೇರೆ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣ ಬಟ್ಟೆಯಲ್ಲಿ ಹಿಡಿದು ಒರೆಸಿ, ಕೆಳಬದಿಯನ್ನೂ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಮೇಲೆ ಲೇಪ ಇರುವ ತಂತಿ ಬೆಲೆ ಜಾಸ್ತಿ, ಆದರೆ ಜೂನ್‌ನಲ್ಲಿ ಹಾಕಿದ್ದು ಮಳೆ ಮುಗಿಯುವವರೆಗೂ ಬರುತ್ತದೆ, ನನಗಂತೂ ಲಾಭವೇ.

ಬ್ಯಾಗ್ ಒಳಗೆ ಹಾಕಿ ಮೂಲೆಯಲ್ಲಿ ಇಟ್ಟು ಮರೆತರೆ ಆಗಸ್ಟ್‌ನಲ್ಲಿ ತೆಗೆಯುವಾಗ ಬೂಷ್ಟು ಹಿಡಿದಿರುತ್ತದೆ. ಹೊರಗೆ ಸ್ಟ್ಯಾಂಡಿನಲ್ಲಿರಲಿ, ಫ್ಯಾನ್ ಗಾಳಿ ಆಡುವ ಕಡೆ. ಕೆಂಪುಕಲ್ಲಿನ ಹೊರಗೋಡೆಗೆ ಒರಗಿಸಬೇಡಿ, ಆ ಗೋಡೆ ಮಳೆಗಾಲವಿಡೀ ಬೆವರುತ್ತದೆ. ಜೂನ್ ಕೊನೆಗೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ನೆಕ್‌ನ ಸಂದು ನೋಡಿ. ಉದ್ದ ನೆಕ್, ಏಳು ತಂತಿಯ ಎಳೆತ. ಹವೆ ಬದಲಾದಾಗ ಅದು ಸ್ವಲ್ಪ ಅಲುಗಿಯೇ ಅಲುಗುತ್ತದೆ. ಕಾಲು ಸುತ್ತಿನ ಕೆಲಸ.

ಏಳು ತಂತಿಯ ಸೆಟ್ ಬೇಕಾದಾಗ ಸಿಗುವುದಿಲ್ಲ. ಮೂರು ಸೆಟ್ ಒಟ್ಟಿಗೆ ತರಿಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಪೊಟ್ಟಣವೇ ಸಾಕು. ತೀರಾ ತುರ್ತಾದರೆ ಆರು ತಂತಿಯ 10ರಿಂದ 46ರ ಸೆಟ್ ಹಾಕಿ, ಹಳೇ 59ನ್ನೇ ಉಳಿಸಿಕೊಳ್ಳಿ. ದಪ್ಪ ತಂತಿ ಸುಲಭದಲ್ಲಿ ತುಂಡಾಗುವುದಿಲ್ಲ.

ಅಳಿಯ ಎರಡು ವಾರದ ಪರೀಕ್ಷೆ ಮಾಡಿದ. ಮೇಲಿನ ಇ ಇಲ್ಲದೆ ಮೂರನೇ ದಿನಕ್ಕೇ ಒದ್ದಾಡಿದನಂತೆ. ಮಲ್ಟಿ ಸ್ಕೇಲ್‌ನದ್ದೇ ತೆಗೊಂಡ, ಸೆಟಪ್ ನಾನೇ ಮಾಡಿಕೊಟ್ಟೆ. ಕೂಲಿಗೆ ಒಂದು ಸೆಟ್ ತಂತಿ ಕೊಡುತ್ತೇನೆ ಅಂದಿದ್ದ. ಮೂರು ತರಿಸಿಕೊಂಡಿದ್ದಾನೆ ಅಂತ ಅಕ್ಕ ಹೇಳಿದಳು. ನನ್ನದು ಇನ್ನೂ ಬಂದಿಲ್ಲ.